ಚಿತ್ರಕಥೆಗಳ ಖಿಲಭಾಗ

ಮಹಾಭಾರತದ ಹದಿನೆಂಟು ಪರ್ವಗಳು ಮುಗಿದ ತರುವಾಯ ಹರಿವಂಶವೆಂಬ ಗ್ರಂಥವು ಅದರ ಬೆನ್ನಿಗಂಟಿಕೊಂಡು ಬಂದಿರುವ ಸಂಗತಿಯು ವಾಚಕರಿಗೆ ವಿದಿತವೇ ಆಗಿದೆ. ಪ್ರಾಚೀನರು ಇದಕ್ಕೆ ಖಿಲವೆಂದು ಹೆಸರಿಟ್ಟರು. ಖಿಲವೆಂದರೆ ಮೊದಲಿಗೆ ಉತ್ತ ಹೊಲಗಳ ನಡುವೆ ಉಳದೆ ಬಿಟ್ಟ ಬೀಳುನೆಲ. ಆ ಮೇಲೆ ತೆರಪು. ಕಡೆಗೆ ತೆರಪನ್ನು ತುಂಬುವುದಕ್ಕಾಗಿ ಸೇರಿಸಿದ ಭಾಗವೆಂದು ಆ ಶಬ್ದದ ಅರ್ಥವು ಬೆಳೆಯಿತು. ಭಾರತದ ಕಥೆಯೊಳಗೆ ಶ್ರೀಕೃಷ್ಣನು ಮೊದಲು ಕಾಣಿಸಿಕೊಳ್ಳುವುದು ದ್ರೌಪದಿಯ ಸ್ವಯಂವರಮಂಟಪದಲ್ಲಿ. ಆ ವೇಳೆಗೆ ಅವನು ಪ್ರೌಢ. ಅವನು ಎಲ್ಲಿ ಹುಟ್ಟಿದನು, ಎಲ್ಲಿ ಬೆಳೆದನು, ಕಂಸನನ್ನು ಹೇಗೆ ಕೊಂದನು ಎಂದು ಕೇಳುವವರು ಕೇಳಿಯೇ ಕೇಳುವರು. ಹಾಗೆ ಕೇಳಿದವರಿಗೆ ಉತ್ತರವಾಗಿ ಹರಿವಂಶವು ನಿಂತಿದೆ.

ಕನ್ನಡನಾಡಿನಲ್ಲಿಯೂ ಈ ಕಾರ್ಯವು ನಡೆಯದೆ ಇಲ್ಲ. ಕುಮಾರವ್ಯಾಸನು ಹತ್ತು ಪರ್ವಗಳನ್ನು ಹೇಳಿ ಗದಾಪರ್ವದಲ್ಲಿ ನಿಲ್ಲಿಸಿದನು. ಉಳಿದ ಪರ್ವಗಳನ್ನು ಕೃಷ್ಣದೇವರಾಯನ ಆಶ್ರಯದಲ್ಲಿ ತಿಮ್ಮಣ್ಣಕವಿಯು ಹೇಳಿ ಮುಗಿಸಿದನು. ಅಶ್ವಮೇಧದ ಕುದುರೆಯ ಹಿಂದೆ ಹೋದ ಅರ್ಜುನನಿಗೆ ಎದುರಾದ ಸುಧನ್ವ ಮೊದಲಾದವರ ಕಥೆಗಳನ್ನು ಲಕ್ಷ್ಮೀಶನ ಜೈಮಿನಿಭಾರತದಿಂದಲೇ ನಮ್ಮ ಹಳ್ಳಿಗಳು ಅರಿತುವು. ದೀರ್ಘವಾದ ಕಥೆಗೆ ಎಲ್ಲಿ ಬಿಡುವು ಬಿದ್ದಿದೆಯೋ ಅಲ್ಲಿ ಮತ್ತೊಬ್ಬ ಕವಿಯು ಬಂದು ಕುಳಿತುಕೊಳ್ಳುವನು. ಇದು ನಮ್ಮವರಿಗೆ ಹೊಸದಲ್ಲ.

ಹೀಗಿರಲು, ಈಗಿನ ಬಾಲಕರ ಕೈಯಲ್ಲಿ ಕಾಣುವ ಬಣ್ಣದ ಚಿತ್ರಕಥೆಗಳನ್ನು, ಅದರಲ್ಲಿಯೂ ಸೂಪರ್‌ಹೀರೋಗಳೆಂಬ ಅತಿಮಾನುಷವೀರರ ಕಥೆಗಳನ್ನು, ವಿದ್ವಾಂಸರು ಮುಟ್ಟಲೂ ಹಿಂಜರಿಯುವುದು ವಿಚಿತ್ರವಾಗಿ ತೋರುವುದು. ಖಿಲನಿರ್ಮಾಣವೆಂಬ ಈ ಹಳೆಯ ಉದ್ಯೋಗವು ಇಂದು ಬಹಳ ಬಿರುಸಾಗಿ ನಡೆಯುತ್ತಿರುವ ಎಡೆಗಳಲ್ಲಿ ಇದೂ ಒಂದು. ಮೇಲಾಗಿ, ಈ ಚರಿತ್ರೆಯ ಒಂದು ಮುಖ್ಯವಾದ ಅಧ್ಯಾಯವು ಬೆಂಗಳೂರಿನಲ್ಲಿ, ಕನ್ನಡದಲ್ಲಿಯೇ ಪ್ರಾರಂಭವಾಗಿ, ತಾನೇ ಒಂದು ತೆರಪಾಗಿ ಉಳಿದುಹೋಗಿದೆ. ಅದನ್ನು ಮುಂದೆ ಹೇಳಬೇಕಾಗಿದೆ.

ಚಿತ್ರಗಳಿಂದ ಕಥೆ ಹೇಳುವುದು ಪರದೇಶದಿಂದ ಬಂದ ವಿದ್ಯೆಯೆಂದು ಭಾವಿಸುವವರು ಹಲಸೂರಿನ ಸೋಮೇಶ್ವರ ದೇವಾಲಯಕ್ಕೆ ಹೋಗಿ ಬರುವುದು ಲೇಸು. ರಾವಣನು ಕೈಲಾಸವನ್ನೆತ್ತುವುದು, ಗಿರಿಜಾಕಲ್ಯಾಣ, ಮಹಿಷಮರ್ದನ, ಇವೆಲ್ಲವೂ ಅಲ್ಲಿ ಕಲ್ಲಿನಲ್ಲಿ ಮೂಡಿವೆ. ಒಂದು ಶಿಲ್ಪಕ್ಕೂ ಮತ್ತೊಂದಕ್ಕೂ ನಡುವೆ ನಡೆದುದನ್ನು ಶಿಲ್ಪಿಯು ಕೆತ್ತಲಿಲ್ಲ. ನೋಡುವವನು ತನಗೆ ಗೊತ್ತಿರುವ ಪುರಾಣದಿಂದ ತುಂಬಿಕೊಳ್ಳಬೇಕು. ವಾಕ್ಯದಲ್ಲಿ ಇಲ್ಲದ ಪದವನ್ನು ಅರ್ಥಕ್ಕಾಗಿ ತಂದುಕೊಳ್ಳುವುದನ್ನು ಶಾಸ್ತ್ರಕಾರರು ಅಧ್ಯಾಹಾರವೆನ್ನುವರು. ಚಿತ್ರಕಥೆಯ ಒಂದು ಚೌಕಕ್ಕೂ ಮುಂದಿನ ಚೌಕಕ್ಕೂ ನಡುವಣ ಬಿಳಿಯ ಪಟ್ಟಿಯಲ್ಲಿ ಬಾಲಕನು ಮಾಡುವುದೂ ಈ ಅಧ್ಯಾಹಾರವನ್ನೇ.

ಆ ದೇವಾಲಯದ ನೆರೆಯಲ್ಲಿಯೇ ೧೮೦೯ರಲ್ಲಿ ಆಂಗ್ಲರ ದಂಡು ನೆಲೆಯೂರಿತು. ಪೇಟೆಯ ಜನರ ಬಾಯಲ್ಲಿ ಆ ಪ್ರದೇಶಕ್ಕೆ ದಂಡೆಂಬ ಹೆಸರೇ ನಿಂತಿತು. ದಂಡಿನ ಸೌತ್ ಪೆರೇಡ್ ಬೀದಿಯಲ್ಲಿ ೧೯೦೫ರಲ್ಲಿ ಹಿಗಿನ್‌ಬಾಥಮ್ಸ್ ಪುಸ್ತಕದಂಗಡಿಯು ತೆರೆಯಿತು. ಸೆಲೆಕ್ಟ್ ಪುಸ್ತಕದಂಗಡಿಯು ೧೯೪೫ರಲ್ಲಿ ಹುಟ್ಟಿ ಮುಂದೆ ಬ್ರಿಗೇಡ್ ರಸ್ತೆಯ ಮಗ್ಗುಲಿನ ಅಡ್ಡರಸ್ತೆಯಲ್ಲಿ ನೆಲೆ ನಿಂತಿತು. ದಂಡು ಪುನಃ ಮೈಸೂರು ಸಂಸ್ಥಾನಕ್ಕೆ ಸೇರಿದುದು ೧೯೪೭ರಲ್ಲಿ. ೧೯೪೯ರಲ್ಲಿ ಪೇಟೆಗೂ ದಂಡಿಗೂ ಒಂದೇ ನಗರಸಭೆಯಾಯಿತು. ಸೌತ್ ಪೆರೇಡ್ ಮಹಾತ್ಮಾ ಗಾಂಧಿ ರಸ್ತೆಯಾಯಿತು, ಬ್ಲಾಕ್‌ಪಳ್ಳಿ ಶಿವಾಜಿನಗರವಾಯಿತು. ಇಂಗ್ಲಿಷ್ ಪುಸ್ತಕವನ್ನು ನೋಡಬಯಸುವ ಪೇಟೆಯ ಹುಡುಗನು ಕಬ್ಬನ್ ಉದ್ಯಾನವನ್ನು ದಾಟಿ ಬರುತ್ತಿದ್ದುದು ಮಾತ್ರ ತಪ್ಪಲಿಲ್ಲ.

ಅತಿಮಾನುಷವೀರರ ಪೈಕಿ ಭಾರತದ ಬಾಲಕರಿಗೆ ಮೊದಲು ಬಳಕೆಯಾದವನು ಫ್ಯಾಂಟಮ್. ಲೀ ಫಾಕ್ ಎಂಬ ಅಮೆರಿಕದ ಲೇಖಕನು ೧೯೩೬ರ ಫೆಬ್ರವರಿಯಲ್ಲಿ ದಿನಪತ್ರಿಕೆಗಳಿಗಾಗಿ ಈ ಪಾತ್ರವನ್ನು ನಿರ್ಮಿಸಿದನು. ಈ ವೀರನಿಗೆ ಹಾರುವ ಶಕ್ತಿಯಾಗಲಿ, ಬೇರೆ ಯಾವ ಸಿದ್ಧಿಯಾಗಲಿ ಇಲ್ಲ. ಸಾವಿಲ್ಲದವನೆಂಬ ಕೀರ್ತಿಯೊಂದೇ ಅವನ ಬಲ. ಆ ಕೀರ್ತಿಯ ಗುಟ್ಟೇನೆಂದರೆ, ೧೫೩೬ರಿಂದ ತಂದೆಯ ತರುವಾಯ ಮಗನು ಅದೇ ಮುಖವಾಡವನ್ನು ಧರಿಸುತ್ತ ಬಂದು, ಈಗಿನವನು ಇಪ್ಪತ್ತೊಂದನೆಯವನಾಗಿದ್ದಾನೆ. ಪೂರ್ವಿಕರೆಲ್ಲರ ವೃತ್ತಾಂತವೂ ಗುಹೆಯೊಳಗಿನ ದೊಡ್ಡ ದೊಡ್ಡ ಗ್ರಂಥಗಳಲ್ಲಿ ಬರೆದಿಟ್ಟಿದೆ. ಲೇಖಕನು ಎಂತಹ ಚತುರನೆಂಬುದು ಇಲ್ಲಿ ಗೊತ್ತಾಗುವುದು. ಮೊದಲನೆಯವನಿಗೂ ಇಪ್ಪತ್ತೊಂದನೆಯವನಿಗೂ ನಡುವೆ ನಾಲ್ಕು ಶತಮಾನಗಳ ಬೀಳುನೆಲವನ್ನು ಬೇಕೆಂದೇ ಬಿಟ್ಟು, ಬೇಕಾದಾಗ ಗುಹೆಯ ಗ್ರಂಥವನ್ನು ತೆಗೆಸಿ, ಏಳನೆಯವನ ಕಥೆಯನ್ನೋ ಹದಿಮೂರನೆಯವನ ಕಥೆಯನ್ನೋ ಹೇಳಬಹುದಷ್ಟೆ. ಸೂರ್ಯವಂಶದ ಅರಸರ ಪಟ್ಟಿಯಲ್ಲಿ ಬರಿಯ ಹೆಸರಾಗಿ ಉಳಿದವರನ್ನು ಪೌರಾಣಿಕರು ನಡೆಸಿಕೊಂಡಂತೆಯೇ ಇದು.

ಟೈಮ್ಸ್ ಆಫ್ ಇಂಡಿಯಾ ಸಂಸ್ಥೆಯವರು ೧೯೬೪ರ ಮಾರ್ಚಿಯಲ್ಲಿ ಇಂದ್ರಜಾಲ ಕಾಮಿಕ್ಸ್ ಎಂಬ ಮಾಲೆಯನ್ನು ಪ್ರಾರಂಭಿಸಿ ಫ್ಯಾಂಟಮ್ಮನ ಕಥೆಗಳನ್ನು ಪುಸ್ತಕರೂಪದಲ್ಲಿ ಕೊಟ್ಟರು. ಈ ಮಾಲೆಯು ಕನ್ನಡದಲ್ಲಿಯೂ ಬಂದಿತು, ೧೯೯೦ರಲ್ಲಿ ನಿಂತುಹೋಯಿತು. ಮಹಾತ್ಮಾ ಗಾಂಧಿ ರಸ್ತೆಯಿಂದ ಹೊರಟ ಸುಧಾ ವಾರಪತ್ರಿಕೆಯಲ್ಲಿಯೂ ಫ್ಯಾಂಟಮ್ ಕನ್ನಡವನ್ನಾಡಿದನು. ದಿನಪತ್ರಿಕೆಯಲ್ಲಿ ವಾರಗಟ್ಟಲೆ ನಡೆದ ಕಥೆಯನ್ನು ಕೆಲವೇ ಪುಟಗಳೊಳಗೆ ಹಿಡಿಸಬೇಕಾದಾಗ ಚೌಕಗಳನ್ನು ಕಳಚಿಹಾಕುವುದು ಸಂಪಾದಕರಿಗೆ ಅನಿವಾರ್ಯವಾಗಿತ್ತು. ವಾರಪತ್ರಿಕೆಯ ಓದುಗರ ಕಷ್ಟವೇ ಬೇರೆ. ಧಾರಾವಾಹಿಯ ಹಾಳೆಗಳನ್ನು ವಾರವಾರವೂ ಬಿಡಿಸಿ, ಪೇರಿಸಿ, ದಬ್ಬಳದಿಂದ ತೂತುಮಾಡಿ ದಾರದಲ್ಲಿ ಹೊಲಿದಿಡುವ ಪದ್ಧತಿಯು ಕನ್ನಡದ ಮನೆಗಳಲ್ಲಿ ಬಹುಕಾಲ ನಡೆಯಿತು. ಒಂದು ವಾರದ ಪತ್ರಿಕೆಯನ್ನು ನೆರೆಮನೆಯವರು ಕೊಂಡೊಯ್ದು ತರದೆ ಹೋದರೆ, ಅಥವಾ ಅಡಿಗೆಮನೆಯ ಡಬ್ಬದ ತಳಕ್ಕೆ ಹಾಸಿಬಿಟ್ಟರೆ, ಹೊಲಿದ ಪುಸ್ತಕದಲ್ಲಿ ಒಂದು ಖಿಲವು ನಿಂತೇ ಹೋಯಿತು. ಅಂತಹ ಪುಸ್ತಕವನ್ನು ಓದಿದ ಮಕ್ಕಳು ನಡುವಣ ಕಥೆಯನ್ನು ತಾವೇ ಕಟ್ಟಿ ತಮ್ಮ ತಂಗಿಯರಿಗೂ ತಮ್ಮಂದಿರಿಗೂ ಹೇಳುತ್ತಿದ್ದರು. ತಿಮ್ಮಣ್ಣಕವಿಗೆ ರಾಜಾಶ್ರಯವಿತ್ತು, ಇವರಿಗೆ ಅದೊಂದು ಇರಲಿಲ್ಲ.

ಇನ್ನು ಪ್ರಕೃತವಾದ ಮುಖ್ಯ ವಿಷಯಕ್ಕೆ ಬರಬಹುದು. ಅಮರ ಚಿತ್ರ ಕಥೆಯೆಂಬ ಮಾಲೆಯನ್ನು ಅರಿಯದ ಮನೆಯು ವಿರಳ. ಅದರ ಸಂಪಾದಕರಾದ ಅನಂತ ಪೈ ಅವರು ೧೯೨೯ರಲ್ಲಿ ಕಾರ್ಕಳದಲ್ಲಿ ಹುಟ್ಟಿ, ಬಾಲ್ಯದಲ್ಲಿಯೇ ತಂದೆತಾಯಿಗಳನ್ನು ಕಳೆದುಕೊಂಡು, ಮುಂಬಯಿಯಲ್ಲಿ ಬೆಳೆದವರು. ಇಂದ್ರಜಾಲದ ಕೆಲಸದಲ್ಲಿಯೂ ಅವರಿದ್ದರು. ೧೯೬೭ರಲ್ಲಿ ದೆಹಲಿಯ ದೂರದರ್ಶನದ ಪ್ರಶ್ನೋತ್ತರವೊಂದರಲ್ಲಿ, ಗ್ರೀಕರ ಪುರಾಣವನ್ನು ಬಲ್ಲ ಮಕ್ಕಳು ಶ್ರೀರಾಮನ ತಾಯಿಯ ಹೆಸರನ್ನು ಹೇಳಲಾರದೆ ನಿಂತುದನ್ನು ಕಂಡು ಅವರು ಈ ಕಾರ್ಯಕ್ಕೆ ಕೈಯಿಕ್ಕಿದರೆಂಬುದು ಪ್ರಸಿದ್ಧವಾದ ಕಥೆ. ಇಂಡಿಯಾ ಬುಕ್ ಹೌಸ್ ಸಂಸ್ಥೆಯವರು ಪ್ರಕಾಶಕರಾದರು. ರಾಮ್ ವಾಯೀರ್ಕರರು ಚಿತ್ರಿಸಿದ ‘ಕೃಷ್ಣ’ವು ಮೊದಲು ಹೊರಬಂದಿತು. ಆದರೆ ಆ ಮೊದಲನೆಯ ಪುಸ್ತಕದ ಸಂಖ್ಯೆಯು ಒಂದಲ್ಲ, ಹನ್ನೊಂದು.

ಹಿಂದಣ ಹತ್ತು ಎಲ್ಲಿ ಹೋದುವು? ಇಂಗ್ಲಿಷಿನಲ್ಲಿ ಮಾಲೆಯನ್ನು ಸಂಗ್ರಹಿಸಿದವರು ಈ ಪ್ರಶ್ನೆಯನ್ನು ಕೇಳಿಕೊಂಡು, ಹತ್ತು ಪುಸ್ತಕಗಳು ತಮ್ಮ ಬಳಿ ಕಳೆದುಹೋಗಿರುವುವೆಂದು ಬಗೆದು, ಹಳೆಯ ಪುಸ್ತಕದಂಗಡಿಗಳನ್ನು ತಡಕಾಡಿದರೆ ಆಶ್ಚರ್ಯವಿಲ್ಲ. ಆ ಹತ್ತೂ ಕನ್ನಡದಲ್ಲಿದ್ದುವು. ಇಂಡಿಯಾ ಬುಕ್ ಹೌಸಿನ ಬೆಂಗಳೂರು ಶಾಖೆಯಲ್ಲಿದ್ದ ಜಿ. ಕೆ. ಅನಂತರಾಮ್ ಅವರು ೧೯೬೫ರಲ್ಲಿ, ಮಕ್ಕಳಿಗೆ ಕನ್ನಡದಲ್ಲಿ ಬಣ್ಣದ ಚಿತ್ರಕಥೆಗಳು ದೊರೆಯಬೇಕೆಂದು ಎಣಿಸಿ, ಅಮೆರಿಕದ ಕ್ಲಾಸಿಕ್ಸ್ ಇಲ್ಲಸ್ಟ್ರೇಟೆಡ್ ಜೂನಿಯರ್ ಎಂಬ ಮಾಲೆಯ ಕಥೆಗಳನ್ನು ಕನ್ನಡದಲ್ಲಿ ಹೊರತಂದರು. ಸಿಂಡರೆಲಾ, ಅಲ್ಲಾವುದ್ದೀನ, ಪಿನೋಕಿಯೊ, ಹಿಮದಂತೆ ಬೆಳ್ಳಗಿದ್ದ ರಾಜಕುವರಿ ಮತ್ತು ಏಳು ಮಂದಿ ಕುಳ್ಳರು, ಮೂರು ಹಂದಿಮರಿಗಳು: ಇಂತಹವೇ ಆ ಹತ್ತು. ಪುರಾಣಕಥೆಗಳು ಬಂದುದು ಅವುಗಳ ತರುವಾಯ. ಹೀಗೆ, ಭಾರತದ ಅನೇಕ ಭಾಷೆಗಳಲ್ಲಿ ಕೋಟ್ಯಂತರ ಪ್ರತಿಗಳಾಗಿ ಹರಡಿದ ಮಾಲೆಯೊಂದರ ಮೊದಲ ಹತ್ತು ಮೆಟ್ಟಿಲುಗಳು ಬೆಂಗಳೂರಿನವು.

ಇದರಿಂದ ಅನಂತ ಪೈ ಅವರ ಕೀರ್ತಿಗೆ ಕುಂದೇನೂ ಇಲ್ಲ. ಸೀತೆ ಸಾವಿತ್ರಿಯರನ್ನೂ ಚಾಣಕ್ಯ ಶಿವಾಜಿಯರನ್ನೂ ಚಿತ್ರಕಥೆಯೊಳಗೆ ತಂದ ಯೋಜನೆಯು ಅವರದೇ. ೨೦೧೧ರಲ್ಲಿ ತೀರಿಕೊಳ್ಳುವವರೆಗೂ ಅವರು ಮಕ್ಕಳಿಗೆ ಪೈ ಮಾಮನಾಗಿಯೇ ಇದ್ದರು. ಆದರೆ ಆರಂಭವನ್ನು ಹೇಳುವಾಗ ಎಲ್ಲರೂ ದೆಹಲಿಯ ಪ್ರಶ್ನೋತ್ತರದಿಂದಲೇ ಹೊರಡುವರು. ೧೯೬೫ ಎಂಬ ವರ್ಷವು ೧೯೬೭ಕ್ಕಿಂತ ಮುಂಚೆ ಬರುವುದೆಂಬುದನ್ನು ಯಾರೂ ಅಲ್ಲಗಳೆಯುವುದಿಲ್ಲ. ಕೇಳುವವರಿಲ್ಲದ ಕಾರಣ ಹೇಳುವುದಿಲ್ಲ, ಅಷ್ಟೆ. ಕನ್ನಡಿಗರ ಔದಾಸೀನ್ಯವೂ ಇದಕ್ಕೆ ಕಾರಣವಾಗದೆ ಇಲ್ಲ. ತಾಳೆಗರಿಯ ಒಂದು ಓಲೆಗಾಗಿ ಊರೂರು ಅಲೆದ ಪಂಡಿತರು ನಮ್ಮಲ್ಲಿದ್ದರು. ತಮ್ಮ ಮಕ್ಕಳು ಓದಿ ಹರಿದ ಪುಸ್ತಕವನ್ನು ಸೇರಿನ ಲೆಕ್ಕದಲ್ಲಿ ತೂಗಿ ರದ್ದಿಯವನಿಗೆ ಹಾಕಿದವರೂ ಅವರೇ.

ಅಮರ ಚಿತ್ರ ಕಥೆಯ ಒಳಗೂ ಖಿಲದ ಪ್ರಶ್ನೆಯು ಬಂದಿತು. ಮಹಾಭಾರತದ ವೀರರ ಕಥೆಗಳು ಮೊದಲಲ್ಲಿ ಬಿಡಿಬಿಡಿಯಾಗಿ ಬಂದುವು. ಹನ್ನೆರಡನೆಯದು ಶಕುಂತಲೆ, ಹದಿಮೂರನೆಯದು ಪಾಂಡವಕುಮಾರರು, ಇಪ್ಪತ್ತಾರನೆಯದು ಕರ್ಣ. ಭೀಷ್ಮ, ದ್ರೋಣ, ಅಭಿಮನ್ಯು, ಘಟೋತ್ಕಚ, ಗಾಂಧಾರಿ ಮೊದಲಾದವರು ಆ ಮೇಲೆ ಒಬ್ಬೊಬ್ಬರಾಗಿ ಬಂದರು. ಮೊಮ್ಮಕ್ಕಳ ಕಥೆಯು ಮುಗಿದು ಎಷ್ಟೋ ಕಾಲದ ಮೇಲೆ ಅಜ್ಜನು ಪ್ರವೇಶಿಸಿದನು. ಒಂದೊಂದು ಪುಸ್ತಕವೂ ತನ್ನ ನಾಯಕನ ಕಡೆಯಿಂದಲೇ ಯುದ್ಧವನ್ನು ನೋಡುತ್ತಿದ್ದುದರಿಂದ, ಕರ್ಣನ ಪುಸ್ತಕವನ್ನು ಓದಿದ ಹುಡುಗನು ಕರ್ಣನ ಪಕ್ಷವನ್ನೂ, ಅಭಿಮನ್ಯುವಿನ ಪುಸ್ತಕವನ್ನು ಓದಿದವನು ಅದಕ್ಕೆ ಎದುರುಪಕ್ಷವನ್ನೂ ಹಿಡಿದು ಶಾಲೆಯಲ್ಲಿ ಜಗಳವಾಡುವ ಪರಿಸ್ಥಿತಿಯು ಒದಗಿತು. ಇಡೀ ಭಾರತವನ್ನು ಒಂದೇ ಪುಸ್ತಕದಲ್ಲಿ ಹೇಳುವ ಪ್ರಯತ್ನವು ಇಪ್ಪತ್ತನೆಯ ಸಂಖ್ಯೆಯಲ್ಲಿ ನಡೆದಿತ್ತು. ಲಕ್ಷಶ್ಲೋಕದ ಗ್ರಂಥವು ಮೂವತ್ತೆರಡು ಪುಟಗಳಲ್ಲಿ ಹೇಗೆ ಹಿಡಿಸೀತು! ಕಡೆಗೆ ೧೯೮೫ರಿಂದ ಮೊದಲುಮಾಡಿ, ವೇದವ್ಯಾಸನಿಂದ ಹಿಡಿದು ಸ್ವರ್ಗಾರೋಹಣದವರೆಗೆ ನಾಲ್ವತ್ತೆರಡು ಸಂಚಿಕೆಗಳಲ್ಲಿ ಮಹಾಭಾರತವನ್ನು ಕ್ರಮವಾಗಿ ಹೇಳಿ ಮುಗಿಸಿದರು. ಇವುಗಳ ಚಿತ್ರಕಾರರಲ್ಲಿ ಮುಖ್ಯರು ದಿಲೀಪ ಕದಂ. ಹಿಂದೆ ಬಂದ ಬಿಡಿಪುಸ್ತಕಗಳ ನಡುವೆ ಉಳಿದಿದ್ದ ಬೀಳುನೆಲವೆಲ್ಲವೂ ಆಗ ಉತ್ತು ಬಿತ್ತಿದಂತಾಯಿತು. ಇವು ಮುಂದೆ ಸಾವಿರದ ಮುನ್ನೂರು ಪುಟಗಳನ್ನು ಮೀರಿದ ಮೂರು ಸಂಪುಟಗಳಾಗಿ ಕೂಡಿಬಂದುವು. ಪುಣೆಯ ಭಂಡಾರ್ಕರ್ ಸಂಸ್ಥೆಯ ಪಂಡಿತರು ೧೯೧೯ರಿಂದ ೧೯೬೬ರವರೆಗೆ ಶ್ರಮಪಟ್ಟು ಭಾರತದಿಂದ ಪ್ರಕ್ಷಿಪ್ತಗಳನ್ನು ಬೇರ್ಪಡಿಸಿದರು. ಮುಂಬಯಿಯ ಚಿತ್ರಕಥೆಗಾರರು ಅದೇ ಭಾರತದ ತೆರಪುಗಳನ್ನು ತುಂಬುತ್ತ ಕುಳಿತರು. ಎರಡೂ ಬೇಕಾದ ಕೆಲಸಗಳೇ.

ಅಮೆರಿಕದಲ್ಲಿ ಇದೇ ಉದ್ಯೋಗವು ಒಂದು ದೊಡ್ಡ ವ್ಯಾಪಾರವಾಗಿ ಬೆಳೆದಿದೆ. ಸ್ಪೈಡರ್‌ಮ್ಯಾನ್ ಎಂಬ ಜೇಡಮಾನವನನ್ನು ಸ್ಟಾನ್ ಲೀ ಮತ್ತು ಸ್ಟೀವ್ ಡಿಟ್ಕೊ ಎಂಬುವರು ೧೯೬೨ರಲ್ಲಿ ಸೃಜಿಸಿದರು. ಆಗ ಅವನು ಶಾಲೆಯ ಹುಡುಗ. ಕಥೆಯು ವರ್ಷಾನುವರ್ಷ ಸಾಗಿ, ಅವನು ಕಾಲೇಜು ಸೇರಿ, ಮದುವೆಯೂ ಆದ ಮೇಲೆ, ೧೯೯೫ರಲ್ಲಿ ಕರ್ಟ್ ಬ್ಯೂಸಿಕ್ ಎಂಬ ಲೇಖಕನು ಪುನಃ ಅವನ ಶಾಲೆಯ ದಿನಗಳಿಗೆ ಹಿಂದಿರುಗಿದನು. ಹಳೆಯ ಸಂಚಿಕೆಯೊಂದಕ್ಕೂ ಅದರ ಮುಂದಿನದಕ್ಕೂ ನಡುವೆ ಏನೇನು ನಡೆದಿರಬಹುದೋ ಅದನ್ನೇ ಹೊಸ ಕಥೆಗಳಾಗಿ ಬರೆದನು. ಪ್ಯಾಟ್ ಒಲಿಫ್ ಚಿತ್ರಿಸಿದ ಈ ‘ಹೇಳದೆ ಉಳಿದ ಕಥೆಗಳು’ ೧೯೯೭ರವರೆಗೆ ಇಪ್ಪತ್ತೈದು ಸಂಚಿಕೆಗಳಾಗಿ ನಡೆದು, ಆ ಮೇಲೆ ಸಂಪುಟಗಳಾಗಿಯೂ ಬಂದುವು.

ಖಿಲವನ್ನು ತುಂಬುವವನಿಗೆ ಸ್ವಾತಂತ್ರ್ಯವೆಷ್ಟು ಎಂಬ ವಿಚಾರವು ಇಲ್ಲಿ ಏಳುವುದು. ವಾಕ್ಯಕ್ಕೆ ಅರ್ಥ ಬರಬೇಕಾದರೆ ಆಕಾಂಕ್ಷೆ, ಯೋಗ್ಯತೆ, ಸನ್ನಿಧಿ ಎಂಬ ಮೂರು ಬೇಕೆಂದು ತರ್ಕಸಂಗ್ರಹವನ್ನೋದಿದ ವಿದ್ಯಾರ್ಥಿಯೂ ಬಲ್ಲನು. ಬೆಂಕಿಯಿಂದ ತೋಯಿಸೆಂದರೆ ಯೋಗ್ಯತೆಯಿಲ್ಲ. ಜಾಮಕ್ಕೊಂದು ಪದದಂತೆ ನುಡಿದರೆ ಸನ್ನಿಧಿಯಿಲ್ಲ. ಬ್ಯೂಸಿಕ್ಕನು ಯೋಗ್ಯತೆಯ ವಿಷಯದಲ್ಲಿ ಬಹಳ ಎಚ್ಚರಿಕೆಯುಳ್ಳವನು. ಹಳೆಯ ಕಥೆಯಲ್ಲಿ ಮುಂದೆ ಗೆಳೆಯರಾಗುವವರನ್ನು ಅವನು ಮೊದಲೇ ಗೆಳೆಯರನ್ನಾಗಿ ಮಾಡಲಾರ, ಸಾಯದವನನ್ನು ಕೊಲ್ಲಲಾರ. ಎರಡು ಗೋಡೆಗಳ ನಡುವೆ ಮೂರನೆಯದನ್ನು ಕಟ್ಟುವ ಕೆಲಸವದು. ಮಾಡುಗಳ ಎತ್ತರವನ್ನು ಅವನು ಬದಲಾಯಿಸುವಂತಿಲ್ಲ. ಅವಧಾನಿಯು ಸಮಸ್ಯಾಪೂರಣ ಮಾಡುವಾಗಲೂ ಕೊಟ್ಟ ಪಾದವನ್ನು ತಿದ್ದುವ ಅಧಿಕಾರವಿಲ್ಲವಷ್ಟೆ. ಸನ್ನಿಧಿಯಾದರೋ ಸಂಗ್ರಹಸಂಪುಟದಿಂದ ದೊರೆಯತಕ್ಕದ್ದು. ಒಂದು ಸಂಚಿಕೆ ಈ ತಿಂಗಳು, ಮತ್ತೊಂದು ಎಂದೋ ಎಂಬಂತೆ ಓದಿದವನಿಗೆ ಕಥೆಯು ಜಾಮಕ್ಕೊಂದು ಪದದಂತೆ ಕೇಳಿಸುವುದು. ದೂರದ ಬೆಂಗಳೂರಿನಲ್ಲಿ ಕುಳಿತು ಸಿಕ್ಕಿದ ಸಂಚಿಕೆಯನ್ನು ಸಿಕ್ಕಿದಂತೆ ಓದುತ್ತಿದ್ದವರಿಗೆ ಈ ಸಂಪುಟಗಳಿಂದ ಆದ ಉಪಕಾರವು ಸಾಮಾನ್ಯವಲ್ಲ.

ಎಕ್ಸ್-ಮೆನ್ ಎಂಬ ವೀರರ ಗುಂಪಿನ ವೃತ್ತಾಂತವು ಇನ್ನೂ ವಿಲಕ್ಷಣವಾದುದು. ೧೯೬೩ರಲ್ಲಿ ಪ್ರಾರಂಭವಾದ ಆ ಪತ್ರಿಕೆಯು ೧೯೭೦ರಲ್ಲಿ ಅರವತ್ತಾರನೆಯ ಸಂಚಿಕೆಯ ತರುವಾಯ ಹೊಸ ಕಥೆಗಳನ್ನು ನಿಲ್ಲಿಸಿ, ೧೯೭೫ರವರೆಗೆ ಹಳೆಯದನ್ನೇ ಮರುಮುದ್ರಿಸುತ್ತಿದ್ದಿತು. ಆ ಐದು ವರ್ಷ ಈ ವೀರರು ಏನು ಮಾಡುತ್ತಿದ್ದರು? ಜಾನ್ ಬರ್ನ್ ಎಂಬ ಚಿತ್ರಕಾರನು ೧೯೯೯ರಲ್ಲಿ ‘ಅಡಗಿದ ವರ್ಷಗಳು’ ಎಂಬ ಮಾಲೆಯಿಂದ ಉತ್ತರ ಕೊಡಲಾರಂಭಿಸಿದನು. ಇಪ್ಪತ್ತೆರಡು ಸಂಚಿಕೆಗಳಾಗುವಷ್ಟರಲ್ಲಿ, ೨೦೦೧ರಲ್ಲಿ, ಪ್ರಕಾಶಕರು ಅದನ್ನೂ ನಿಲ್ಲಿಸಿಬಿಟ್ಟರು. ಖಿಲವನ್ನು ತುಂಬಹೋದ ಗ್ರಂಥವೇ ಖಿಲವಾಯಿತು.

ಇಂತಹುದೇ ಒಂದು ಬೆಂಗಳೂರಿಗೂ ಸಂಬಂಧಿಸಿದೆ. ಇಲ್ಲಿ ಕಾರ್ಯಾಲಯವನ್ನು ಹೊಂದಿದ್ದ ಗೋಥಮ್ ಕಾಮಿಕ್ಸ್ ಸಂಸ್ಥೆಯವರು ೨೦೦೪ರಲ್ಲಿ ಜೇಡಮಾನವನಿಗೆ ಭಾರತದ ಅವತಾರವನ್ನು ಕೊಟ್ಟರು. ಶರದ್ ದೇವರಾಜನ್, ಸುರೇಶ್ ಸೀತಾರಾಮನ್, ಜೀವನ್ ಕಾಂಗ್ ಇವರು ಅದರ ಕರ್ತೃಗಳು. ಪವಿತ್ರ ಪ್ರಭಾಕರನೆಂಬ ಬಡ ಹುಡುಗನು ಮುಂಬಯಿಯಲ್ಲಿ ಧೋತರವುಟ್ಟು ಮಹಡಿಯಿಂದ ಮಹಡಿಗೆ ಹಾರುವನು. ನಾಲ್ಕು ಸಂಚಿಕೆಗಳಾದುವು, ಒಂದು ಸಂಪುಟವಾಯಿತು, ಕಥೆಯು ನಿಂತಿತು. ಎಷ್ಟೋ ವರ್ಷಗಳವರೆಗೆ ಇವನು ಬೇರೆ ವೀರರ ಸಾಲಿನಲ್ಲಿ ಆಗೊಮ್ಮೆ ಈಗೊಮ್ಮೆ ಮುಖ ತೋರಿಸುವವನಾಗಿ ಉಳಿದನು. ೨೦೨೩ರಲ್ಲಿ ಒಂದು ಚಲಚ್ಚಿತ್ರದಿಂದ ಅವನಿಗೆ ಹೆಸರು ಬಂದ ಬಳಿಕ ಅಮೆರಿಕದವರು ಅವನ ಹೆಸರಿನಲ್ಲಿಯೇ ಮತ್ತೊಂದು ಮಾಲೆಯನ್ನು ಹೊರಡಿಸಿದರು. ಹತ್ತೊಂಬತ್ತು ವರ್ಷಗಳ ಈ ನಡುವಣ ಕಾಲವನ್ನು ತುಂಬುವವರು ಇನ್ನು ಯಾರೋ ಬರಬೇಕು.

ಈಗ ಇಂತಹ ಸಂಪುಟಗಳು ದಂಡಿನ ಚರ್ಚ್ ಬೀದಿಯ ಅಂಗಡಿಗಳಲ್ಲಿ ರಾಶಿರಾಶಿಯಾಗಿ ಸಿಕ್ಕುವುವು. ಪೂರ್ವಕ್ಕೆ ಕೃಷ್ಣರಾಜಪುರದಾಚೆ ವೈಟ್‌ಫೀಲ್ಡಿನ ಪ್ರದರ್ಶನಾಲಯದಲ್ಲಿ ಇತ್ತೀಚಿನ ವರ್ಷಗಳಲ್ಲಿ ಕಾಮಿಕ್ ಕಾನ್ ಎಂಬ ಜಾತ್ರೆಯೂ ನೆರೆಯುವುದು. ವೀರರ ವೇಷ ಧರಿಸಿದ ತರುಣರನ್ನು ಅಲ್ಲಿ ಕಂಡು ನಗುವವರು, ಬಯಲಾಟದ ದುರ್ಯೋಧನನು ಕಿರೀಟವನ್ನು ಕಂಕುಳಲ್ಲಿಟ್ಟುಕೊಂಡು ಚಹಾ ಕುಡಿಯುತ್ತಿದ್ದುದನ್ನು ಮರೆತವರಾಗಿರಬೇಕು. ಸಂಗ್ರಾಹಕರು ಅಲ್ಲಿ ತಮ್ಮ ಪಟ್ಟಿಯನ್ನು ಹಿಡಿದು ಇಲ್ಲದ ಸಂಖ್ಯೆಗಳನ್ನು ಹುಡುಕುವರು. ಅಮೆರಿಕದ ಸಂಚಿಕೆಗಳು ಹಣವಿದ್ದವರಿಗೆ ದೊರೆಯುವುವು. ಬೆಂಗಳೂರಿನ ಆ ಕನ್ನಡದ ಹತ್ತು ಪುಸ್ತಕಗಳು ಅಷ್ಟು ಸುಲಭವಾಗಿ ಕಣ್ಣಿಗೆ ಬೀಳುವಂಥವಲ್ಲ.

ಅಮರ ಚಿತ್ರ ಕಥೆಯವರು ಮುಂದೆ ಮರುಮುದ್ರಣಗಳಿಗೆ ಹೊಸ ಸಂಖ್ಯೆಗಳನ್ನು ಕೊಟ್ಟರು. ಆ ಎಣಿಕೆಯಲ್ಲಿ ‘ಕೃಷ್ಣ’ವು ಹನ್ನೊಂದರ ಬದಲು ಐನೂರ ಒಂದಾಯಿತು, ಅದಕ್ಕೂ ಹಿಂದೆ ಹತ್ತು ಪುಸ್ತಕಗಳಿದ್ದುವೆಂಬ ಸುಳಿವು ಹೊದಿಕೆಯ ಮೇಲಿಂದ ಅಳಿಸಿಹೋಯಿತು. ಅನಂತರಾಮ್ ಅವರಿಗೆ ಮಾದರಿಯಾಗಿದ್ದ ಅಮೆರಿಕದ ಆ ಕಿರಿಯರ ಮಾಲೆಯ ಮೊದಲ ಪುಸ್ತಕವು, ರಾಜಕುವರಿ ಮತ್ತು ಏಳು ಮಂದಿ ಕುಳ್ಳರ ಕಥೆಯು, ೧೯೫೩ರಲ್ಲಿ ಹೊರಬಂದಾಗ ಅದರ ಮೇಲಿದ್ದ ಸಂಖ್ಯೆಯೂ ಐನೂರ ಒಂದೇ.